ನೆಲದೊಡಲ ಅನಿಲ: ಭೋಗ ಯಾರದು, ಭಾರ ಯಾರದು?

ನಮ್ಮ ಕೈಗೆ ಬಂದ ವಸ್ತು ಎಲ್ಲಿಂದ ಬಂದಿತು, ಯಾರ ದುಡಿಮೆಯಿಂದ ಬಂದಿತು, ಬರುವ ಹಾದಿಯಲ್ಲಿ ಯಾರನ್ನಾದರೂ ನೋಯಿಸಿ ಬಂದಿತೆ ಎಂದು ವಿಚಾರಿಸಿಕೊಳ್ಳುವುದು ಶರಣಧರ್ಮದ ಮೊದಲ ಪಾಠಗಳಲ್ಲಿ ಒಂದು. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದ ಮಾತ್ರಕ್ಕೆ ಅದು ಪ್ರಸಾದವಾಗದು. ಅದು ಸತ್ಯಶುದ್ಧ ಕಾಯಕದಿಂದ ಬಂದದ್ದಾಗಿರಬೇಕು, ಇನ್ನೊಬ್ಬರ ಪಾಲನ್ನು ಕಸಿದು ತಂದದ್ದಾಗಿರಬಾರದು. ಈ ಒರೆಗಲ್ಲನ್ನು ನಾವು ಅನ್ನಕ್ಕೂ ಹಣಕ್ಕೂ ಹಚ್ಚುತ್ತೇವೆ. ಆ ಅನ್ನವನ್ನು ಬೇಯಿಸುವ ಬೆಂಕಿಗೂ ಅದನ್ನು ಹಚ್ಚಬೇಡವೆ? ಅಮೆರಿಕಾ ದೇಶದಲ್ಲಿ ಎರಡು ದಶಕಗಳಿಂದ ನಡೆದುಬಂದಿರುವ ಒಂದು ದೊಡ್ಡ ವಿವಾದವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಅದು ಭೂಗರ್ಭದ ಶಿಲೆಯನ್ನು ನೀರಿನ ಒತ್ತಡದಿಂದ ಸೀಳಿ ನೈಸರ್ಗಿಕ ಅನಿಲವನ್ನು ಹೊರತೆಗೆಯುವ ‘ಫ್ರ್ಯಾಕಿಂಗ್’ ಎಂಬ ವಿಧಾನವನ್ನು ಕುರಿತದ್ದು.

ನೆಲದಡಿಯಲ್ಲಿ ಬಹು ಆಳದಲ್ಲಿ ಶೇಲ್ ಎಂಬ ಪದರುಗಲ್ಲು ಇದೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಕೋಟ್ಯಂತರ ವರ್ಷಗಳಿಂದ ಅನಿಲವು ಸೆರೆಯಾಗಿ ಕುಳಿತಿದೆ. ಸಾಧಾರಣ ಬಾವಿ ಕೊರೆದರೆ ಅದು ಹೊರಗೆ ಬಾರದು. ಆದುದರಿಂದ ಒಂದೂವರೆ, ಎರಡು ಕಿಲೋಮೀಟರು ಕೆಳಗೆ ಕೊರೆದು, ಅಲ್ಲಿಂದ ಕೊಳವೆಯನ್ನು ಅಡ್ಡಲಾಗಿ ತಿರುಗಿಸಿ, ಒಂದೊಂದು ಬಾವಿಗೆ ಒಂದು ಕೋಟಿ ಲೀಟರಿಗೂ ಮಿಕ್ಕ ನೀರನ್ನು ಮರಳು ಮತ್ತು ಅಲ್ಪಪ್ರಮಾಣದ ರಾಸಾಯನಿಕಗಳೊಡನೆ ಮಹಾಒತ್ತಡದಲ್ಲಿ ನುಗ್ಗಿಸುತ್ತಾರೆ. ಕಲ್ಲು ಬಿರಿಯುತ್ತದೆ, ಮರಳಿನ ಕಣಗಳು ಆ ಬಿರುಕು ಮುಚ್ಚಿಕೊಳ್ಳದಂತೆ ತಡೆಯುತ್ತವೆ, ಅನಿಲವು ಮೇಲೇರುತ್ತದೆ. ೧೯೪೭ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಮೊದಲು ಪ್ರಯೋಗಿಸಿದ ಈ ವಿಧಾನವನ್ನು ೧೯೯೦ರ ದಶಕದ ಕೊನೆಯಲ್ಲಿ ಟೆಕ್ಸಾಸಿನ ಜಾರ್ಜ್ ಮಿಚೆಲ್ ಎಂಬ ಉದ್ಯಮಿಯು ಶೇಲ್ ಶಿಲೆಗೆ ಲಾಭದಾಯಕವಾಗಿ ಅಳವಡಿಸಿದನು. ಮುಂದಿನ ಹತ್ತು ವರ್ಷಗಳಲ್ಲಿ ಅದು ಆ ದೇಶದ ಇಂಧನದ ಚರಿತ್ರೆಯನ್ನೇ ಬದಲಿಸಿತು.

ಇದರಿಂದ ಒಳಿತೇ ಆಗಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ೨೦೦೫ರಲ್ಲಿ ಅಮೆರಿಕಾದ ವಿದ್ಯುತ್ತಿನಲ್ಲಿ ಅರ್ಧದಷ್ಟು ಕಲ್ಲಿದ್ದಲಿನಿಂದ ಬರುತ್ತಿತ್ತು. ೨೦೨೩ರ ವೇಳೆಗೆ ಅದು ಐದರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಆ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಅನಿಲ. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಉಗುಳುವ ಇಂಗಾಲಾಮ್ಲದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಅನಿಲ ಉಗುಳುತ್ತದೆ. ಹೊಗೆ, ಬೂದಿಗಳ ಬಾಧೆಯೂ ಕಡಿಮೆ. ಆದರೆ ಉರಿಯದೆ ಸೋರಿಹೋದ ಅನಿಲದಲ್ಲಿರುವ ಮೀಥೇನ್, ಇಪ್ಪತ್ತು ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಎಂಬತ್ತು ಪಟ್ಟಿಗೂ ಹೆಚ್ಚು ತಾಪವನ್ನು ಹಿಡಿದಿಡುತ್ತದೆ. ಆದಕಾರಣ ಲಾಭದ ಲೆಕ್ಕವೂ ಜಾಗರೂಕತೆಯನ್ನೇ ಅವಲಂಬಿಸಿದೆ.

ಇನ್ನು ಕೇಡಿನ ಮಾತು. ಪೆನ್ಸಿಲ್ವೇನಿಯಾ ರಾಜ್ಯದ ಡಿಮೊಕ್ ಎಂಬ ಹಳ್ಳಿಯಲ್ಲಿ ೨೦೦೯ನೆಯ ಜನವರಿ ೧ರಂದು ಒಂದು ಮನೆಯ ಕುಡಿಯುವ ನೀರಿನ ಬಾವಿ ಸ್ಫೋಟಿಸಿತು. ಅನಿಲದ ಬಾವಿಗಳ ನಿರ್ಮಾಣದಲ್ಲಿದ್ದ ದೋಷದಿಂದ ಮೀಥೇನ್ ಅಂತರ್ಜಲಕ್ಕೆ ನುಸುಳಿತೆಂದು ರಾಜ್ಯದ ಪರಿಸರ ಇಲಾಖೆ ನಿರ್ಣಯಿಸಿತು. ಮೀಥೇನ್ ಆ ಸೀಮೆಯ ನೀರಿನಲ್ಲಿ ಮೊದಲಿನಿಂದಲೂ ಇದ್ದದ್ದೇ ಎಂದು ಕಂಪನಿ ವಾದಿಸಿತು. ೨೦೧೨ರಲ್ಲಿ ಕೇಂದ್ರದ ಪರಿಸರ ಸಂಸ್ಥೆಯು ನೀರನ್ನು ಪರೀಕ್ಷಿಸಿ, ತಾನು ಹೆಚ್ಚಿನ ಕ್ರಮ ಕೈಗೊಳ್ಳಬೇಕಾದುದಿಲ್ಲವೆಂದಿತು. ಕೊನೆಗೆ ೨೦೨೨ರ ನವೆಂಬರಿನಲ್ಲಿ ಆ ಕಂಪನಿಯ ಉತ್ತರಾಧಿಕಾರಿ ಸಂಸ್ಥೆಯು ನ್ಯಾಯಾಲಯದಲ್ಲಿ ಆರೋಪವನ್ನು ವಿರೋಧಿಸುವುದಿಲ್ಲವೆಂದು ಹೇಳಿ, ಹಳ್ಳಿಗೆ ಕೊಳಾಯಿ ನೀರು ತರುವ ವೆಚ್ಚವನ್ನು ಹೊರಲು ಒಪ್ಪಿತು. ಹದಿಮೂರು ವರ್ಷಗಳು! ಕೊಳವೆಬಾವಿಯನ್ನೇ ನೆಚ್ಚಿ ಬದುಕುವ ನಮ್ಮ ಹಳ್ಳಿಗಳ ಭಕ್ತರಿಗೆ, ಕುಡಿಯುವ ನೀರನ್ನು ಕುರಿತ ಸಂಶಯದಲ್ಲಿ ಹದಿಮೂರು ವರ್ಷ ಕಳೆಯುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಪ್ರತಿಯೊಂದು ಬಾವಿಯೂ ನೀರನ್ನು ಕೆಡಿಸುತ್ತದೆಂದಲ್ಲ. ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ಹಾನಿ ತಟ್ಟಬಲ್ಲುದು, ಆದರೆ ಅದರ ವ್ಯಾಪ್ತಿಯನ್ನು ದೇಶದ ಮಟ್ಟದಲ್ಲಿ ಅಳೆಯುವಷ್ಟು ಮಾಹಿತಿ ಇಲ್ಲ ಎಂದು ಅದೇ ಕೇಂದ್ರ ಸಂಸ್ಥೆ ೨೦೧೬ರ ವರದಿಯಲ್ಲಿ ಹೇಳಿತು. ವಿಜ್ಞಾನಿಯು ಇಲ್ಲಿ ಇನ್ನಷ್ಟು ಪರೀಕ್ಷೆ ಬೇಕೆಂದು ನಿಲ್ಲಬಹುದು. ಧರ್ಮವಿಚಾರವು ಇಲ್ಲಿಂದಲೇ ಆರಂಭವಾಗಬೇಕು. ಫಲವೂ ಅಪಾಯವೂ ಸೇರಿಕೊಂಡಿರುವ ಕೆಲಸದಲ್ಲಿ ಫಲವು ಯಾರಿಗೆ ಸಲ್ಲುತ್ತದೆ, ಅಪಾಯವು ಯಾರ ತಲೆಯ ಮೇಲೆ ಬೀಳುತ್ತದೆ, ಸಂಶಯದ ಭಾರವನ್ನು ಯಾರು ಹೊರಬೇಕು?

ಅಮೆರಿಕಾದಲ್ಲಿ ನೆಲದಡಿಯ ಖನಿಜವು ಸಾಮಾನ್ಯವಾಗಿ ಖಾಸಗಿಯವರ ಸ್ವತ್ತು. ಅದನ್ನು ಗುತ್ತಿಗೆಗೆ ಕೊಟ್ಟವನಿಗೆ ಪೆನ್ಸಿಲ್ವೇನಿಯಾದ ಕಾನೂನಿನಂತೆ ಕನಿಷ್ಠ ಎಂಟರಲ್ಲೊಂದು ಪಾಲು ರಾಯಧನ ಬರುತ್ತದೆ. ಸಾಲದಲ್ಲಿ ಮುಳುಗಿದ್ದ ಎಷ್ಟೋ ರೈತರು ಈ ಹಣದಿಂದ ತಲೆಯೆತ್ತಿದರು. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಅಂತರ್ಜಲಕ್ಕೆ ಬೇಲಿಯಿಲ್ಲ. ಸಹಿ ಮಾಡಿದವನಿಗೆ ರಾಯಧನ. ಸಹಿ ಮಾಡದ ನೆರೆಯವನಿಗೆ ಅಪಾಯದ ಪಾಲು ಮಾತ್ರ. ಇದರ ಮೇಲೆ ೨೦೦೫ರ ಕೇಂದ್ರ ಶಾಸನವು ಈ ವಿಧಾನವನ್ನು, ಡೀಸೆಲ್ ಬಳಸಿದ ಸಂದರ್ಭದ ಹೊರತು, ಕುಡಿಯುವ ನೀರನ್ನು ರಕ್ಷಿಸುವ ಕಾಯಿದೆಯ ನಿಯಂತ್ರಣದಿಂದ ಹೊರಗಿರಿಸಿತು. ಪೆನ್ಸಿಲ್ವೇನಿಯಾದ ೨೦೧೨ರ ಶಾಸನವಂತೂ, ರೋಗಿಯ ಚಿಕಿತ್ಸೆಗಾಗಿ ರಾಸಾಯನಿಕದ ವಿವರ ಬೇಕೆಂದ ವೈದ್ಯನು ಆ ವ್ಯಾಪಾರ ರಹಸ್ಯವನ್ನು ಬಯಲುಮಾಡೆನೆಂದು ಒಪ್ಪಿಕೊಳ್ಳಬೇಕೆಂದು ವಿಧಿಸಿತು. ೨೦೧೬ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನು ತೊಡೆದುಹಾಕಿತು. ಕಾಯಕಕ್ಕೆ ಮರೆಯಿರಬಾರದು. ನೆರೆಯವನ ಕುಡಿಯುವ ನೀರಿನ ಪಕ್ಕದಲ್ಲಿ ಏನನ್ನು ಸುರಿಯುತ್ತೇನೆಂದು ಹೇಳಲಾರದವನ ಉದ್ಯಮವು ಉದ್ಯಮವಾಗಬಹುದೇ ಹೊರತು ಕಾಯಕವಾಗದು.

ಅದೇ ನ್ಯಾಯಾಲಯವು ೨೦೧೩ರಲ್ಲಿ ಇನ್ನೊಂದು ತೀರ್ಪಿನಲ್ಲಿ, ರಾಜ್ಯದ ಸಂವಿಧಾನಕ್ಕೆ ೧೯೭೧ರಲ್ಲಿ ಸೇರಿಸಿದ್ದ ವಿಧಿಯೊಂದನ್ನು ಎತ್ತಿಹಿಡಿಯಿತು. ಆ ವಿಧಿಯ ಪ್ರಕಾರ ಸಾರ್ವಜನಿಕ ನಿಸರ್ಗಸಂಪತ್ತು ಇನ್ನೂ ಹುಟ್ಟದ ಪೀಳಿಗೆಗಳೂ ಸೇರಿದಂತೆ ಸಮಸ್ತ ಜನರ ಸೊತ್ತು. ಸರಕಾರವು ಅದರ ಒಡೆಯನಲ್ಲ, ಪಾಲಕ ಮಾತ್ರ. ದಾಸೋಹದ ತತ್ತ್ವವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಇದ್ದುದೆಲ್ಲವೂ ಶಿವನ ಸೊಮ್ಮು, ನಾವು ಅದನ್ನು ಬಡಿಸುವವರು ಮಾತ್ರ ಎಂಬ ಭಾವವೇ ದಾಸೋಹ. ಬಡಿಸುವವನು ಪಂಕ್ತಿಯ ಕೊನೆಯಲ್ಲಿ ಕುಳಿತವನನ್ನೂ ನೆನೆಯಬೇಕು. ಇನ್ನೂ ಬಂದು ಕುಳಿತಿರದವನಿಗೂ ಉಳಿಸಬೇಕು.

ಹಾಗಾದರೆ ನಿಷೇಧವೇ ಪರಿಹಾರವೆ? ಫ್ರಾನ್ಸ್ ದೇಶವು ೨೦೧೧ರಲ್ಲಿ ಇದನ್ನು ನಿಷೇಧಿಸಿತು. ನ್ಯೂಯಾರ್ಕ್ ರಾಜ್ಯವು ೨೦೧೪ರ ಡಿಸೆಂಬರಿನಲ್ಲಿ, ಆರೋಗ್ಯದ ದೃಷ್ಟಿಯಿಂದ ಸಂಶಯ ನಿವಾರಣೆಯಾಗಿಲ್ಲವೆಂದು, ತನ್ನ ನೆಲದಲ್ಲಿ ಇದು ಕೂಡದೆಂದಿತು. ತನ್ನ ಜನರ ನೀರನ್ನು ಕಾಯ್ದ ಈ ನಿರ್ಧಾರ ಗೌರವಾರ್ಹವಾದದ್ದು. ಆದರೆ ಅದೇ ನ್ಯೂಯಾರ್ಕಿನ ಒಲೆಗಳೂ ವಿದ್ಯುದಾಗಾರಗಳೂ ಪಕ್ಕದ ಪೆನ್ಸಿಲ್ವೇನಿಯಾದಿಂದ ಹರಿದುಬರುವ ಅನಿಲವನ್ನು ಉರಿಸುವುದನ್ನು ಬಿಡಲಿಲ್ಲ. ನನ್ನ ಅಂಗಳದಲ್ಲಿ ಬೇಡ, ನೆರೆಯವನ ಅಂಗಳದಲ್ಲಾದರೆ ಚಿಂತೆಯಿಲ್ಲ ಎಂಬ ನಿಲುವು ವ್ರತವಲ್ಲ. ಅದು ಭಾರವನ್ನು ಬೇಲಿಯಾಚೆಗೆ ತಳ್ಳಿದಂತೆ. ತ್ಯಾಗವು ಬಳಕೆಯಲ್ಲಿಯೂ ಕಾಣಿಸಿಕೊಂಡಾಗ ಮಾತ್ರ ನಿಷೇಧವು ಶೀಲವಾಗುತ್ತದೆ.

ಅಪಾಯವಿಲ್ಲದ ಕೆಲಸ ಜಗತ್ತಿನಲ್ಲಿ ಯಾವುದಿದೆ ಎಂದು ಕೆಲವರು ಕೇಳಬಹುದು. ನಿಜ, ರೈತನ ನೇಗಿಲೂ ಹುಳುವನ್ನು ನೋಯಿಸುತ್ತದೆ. ಆದರೆ ರೈತನು ತನ್ನ ಹೊಲದ ನೀರನ್ನೇ ಕುಡಿಯುತ್ತಾನೆ. ತಾನೊಡ್ಡಿದ ಅಪಾಯದಲ್ಲಿ ತಾನೂ ಪಾಲುದಾರನಾಗಿದ್ದಾನೆ. ಲಾಭವು ದೂರದ ನಗರದಲ್ಲಿ, ಭಾರವು ಹಳ್ಳಿಯ ಬಾವಿಯಲ್ಲಿ ಎಂದು ಎರಡೂ ಬೇರೆಯಾದಾಗ ಎಚ್ಚರವೂ ದೂರವಾಗುತ್ತದೆ. ಆದುದರಿಂದ ನಿರಪಾಯವನ್ನು ಸಿದ್ಧಪಡಿಸುವ ಹೊಣೆ ಕೊರೆಯುವವನದಾಗಬೇಕೇ ಹೊರತು, ಅಪಾಯವನ್ನು ಸಿದ್ಧಪಡಿಸುವ ಹೊಣೆ ನೀರು ಕೆಟ್ಟವನದಾಗಬಾರದು.

ಇದು ಹೊರದೇಶದ ಜಗಳ, ನಮಗೇಕೆ ಎನ್ನುವಂತಿಲ್ಲ. ನಮ್ಮ ಗೇಲ್ ಸಂಸ್ಥೆಯು ೨೦೧೧ರಲ್ಲಿ ಅಮೆರಿಕಾದ ಸಬೀನ್ ಪಾಸ್ ಬಂದರಿನಿಂದ ವರ್ಷಕ್ಕೆ ೩೫ ಲಕ್ಷ ಟನ್ ದ್ರವೀಕೃತ ಅನಿಲವನ್ನು ಇಪ್ಪತ್ತು ವರ್ಷಗಳ ಕಾಲ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದರ ಮೊದಲ ಹಡಗು ೨೦೧೮ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ದಾಭೋಲಿಗೆ ಬಂದಿತು. ದಾಭೋಲಿನಿಂದ ಬೆಂಗಳೂರಿಗೆ ೨೦೧೩ರಿಂದಲೇ ಕೊಳವೆಮಾರ್ಗವಿದೆ. ಶೇಲ್ ಶಿಲೆಯ ಅನಿಲದ ಒಂದಂಶವಾದರೂ ಕನ್ನಡನಾಡಿನ ಒಲೆಗಳಿಗೆ ಬಂದು ಸೇರುವ ಹಾದಿ ತೆರೆದಿದೆ. ಸೌದೆಯ ಹೊಗೆಯಿಂದ ತಾಯಂದಿರ ಕಣ್ಣನ್ನು ಕಾಯುವ ಉರಿಯನ್ನು ತೊರೆಯಿರೆಂದು ಯಾರೂ ಹೇಳಲಾರರು. ಆದರೆ ಆ ಉರಿಯ ಹಿಂದೆ ಯಾರದೋ ಬಾವಿಯ ನೀರು ಇದೆಯೆಂಬ ಅರಿವಿನಿಂದ ಅದನ್ನು ಹಿತಮಿತವಾಗಿ ಬಳಸುವುದು, ಸೂರ್ಯನ ಬೆಳಕಿನಿಂದ ಆಗಬಹುದಾದ ಕೆಲಸವನ್ನು ಸೂರ್ಯನಿಗೇ ಬಿಡುವುದು, ನಮ್ಮ ನೆಲದಲ್ಲಿ ಇಂಥ ಉದ್ಯಮ ಬಂದರೆ ಬಾವಿಯ ಒಡೆಯನನ್ನು ಮೊದಲು ಕೇಳಬೇಕೆಂದು ಒತ್ತಾಯಿಸುವುದು, ಇವು ನಮ್ಮಿಂದ ಆಗದ ಕೆಲಸಗಳಲ್ಲ. ಭೋಗವನ್ನು ಸ್ವೀಕರಿಸುವ ಕೈಯು ಭಾರಕ್ಕೂ ಹೆಗಲು ಕೊಟ್ಟಾಗಲೇ ಪದಾರ್ಥವು ಪ್ರಸಾದವಾಗುತ್ತದೆ.