ಡಿಸ್ಕ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ

2003ರ ಫೆಬ್ರುವರಿ 1ರಂದು ಕೊಲಂಬಿಯಾ ಗಗನನೌಕೆ ಟೆಕ್ಸಾಸ್‌ನ ಆಕಾಶದಲ್ಲಿ ಚೂರುಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ತಿಂಗಳುಗಳ ಬಳಿಕ ಒಣಗಿದ ಕೆರೆಯಂಗಳದಲ್ಲಿ ಸಿಕ್ಕ ಅವಶೇಷಗಳ ನಡುವೆ ಒಂದು ಹಾರ್ಡ್ ಡಿಸ್ಕ್ ಇತ್ತು. ಸುಟ್ಟು, ಕರಗಿ, ನೋಡಿದರೆ ಗುಜರಿಗೂ ಬೇಡದ ಲೋಹದ ಮುದ್ದೆ. ಅಮೆರಿಕದ ಡೇಟಾ ರಿಕವರಿ ಕಂಪನಿಯೊಂದು ಒಳಗಿನ ತಟ್ಟೆಗಳನ್ನು ತೊಳೆದು ಬೇರೆ ಡ್ರೈವ್‌ನಲ್ಲಿ ಕೂರಿಸಿ ಶೇ 99ರಷ್ಟು ಮಾಹಿತಿಯನ್ನು ಓದಿತು. ಕ್ಸೆನಾನ್ ಅನಿಲದ ಸ್ನಿಗ್ಧತೆ ಕುರಿತ ಪ್ರಯೋಗದ ಅಂಕಿಗಳು ಅದರಲ್ಲಿದ್ದವು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದೃಷ್ಟವೂ ಕೈ ಹಿಡಿದಿತ್ತು: ಡಿಸ್ಕ್ ತುಂಬಿದ್ದು ಅರ್ಧ ಮಾತ್ರ, ಹಳೆಯ ಡಾಸ್ ಕಾರ್ಯಾಚರಣಾ ವ್ಯವಸ್ಥೆ ಬರೆದದ್ದನ್ನೆಲ್ಲ ಚದುರಿಸದೆ ಒಂದೇ ಕಡೆ ಇಟ್ಟಿತ್ತು, ಮಣ್ಣು ಕೆಡಿಸಿದ್ದು ಖಾಲಿ ಭಾಗವನ್ನು.

ಹೀಗಿರುವಾಗ, ಚಹಾ ಚೆಲ್ಲಿದ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ‘ಎಲ್ಲಾ ಹೋಯ್ತು’ ಎಂದು ತಲೆ ಮೇಲೆ ಕೈಹೊತ್ತು ಕೂರುವುದು ಅವಸರವೇ ಸರಿ. ಸುಟ್ಟದ್ದು ಬೋರ್ಡ್ ಇರಬಹುದು, ಒಡೆದದ್ದು ಪರದೆ ಇರಬಹುದು. ಹಳೆಯ ಲ್ಯಾಪ್‌ಟಾಪಾದರೆ ತಳದ ಸ್ಕ್ರೂ ಬಿಚ್ಚಿ, ಎರಡೂವರೆ ಇಂಚಿನ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಮಗಳ ನಾಮಕರಣದ ಫೋಟೊಗಳು ಇದ್ದಲ್ಲೇ ಇರುತ್ತವೆ. ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿಂಡೋಸ್ ಕೇಳಿದರೆ ಮಾತ್ರ ಬೇಡ ಅನ್ನಬೇಕು. ಒಳಗಿನಿಂದ ಟಕ್ ಟಕ್ ಸದ್ದು ಬಂದರೆ ತಕ್ಷಣ ಕಿತ್ತು ಬದಿಗಿಡಬೇಕು. ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತಟ್ಟೆಯ ಮೇಲೆ ತೇಲಬೇಕಾದ ಹೆಡ್ ಆಗ ಅದನ್ನೇ ಗೀರುತ್ತಿರಬಹುದು. ಫ್ರೀಜರಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಮನೆಮದ್ದೊಂದು ಇನ್ನೂ ಓಡಾಡುತ್ತಿದೆ; ತೇವ ಕುಡಿಸಿ ಕೊಲ್ಲುವ ಮದ್ದು ಅದು.

ಅಳಿಸಿದ ಫೈಲ್ ಕೂಡ ಹಳೆಯ ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ. ಗ್ರಂಥಾಲಯದ ಪಟ್ಟಿಯಿಂದ ಹೆಸರು ಹೊಡೆದರೂ ಪುಸ್ತಕ ಕಪಾಟಿನಲ್ಲೇ ಉಳಿದ ಹಾಗೆ. ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಅದನ್ನು ಹುಡುಕಿ ತೆಗೆಯಬಲ್ಲದು. ಸಿಕ್ಕಿದ್ದನ್ನು ಬೇರೆ ಡಿಸ್ಕಿನಲ್ಲಿ ಉಳಿಸಬೇಕು, ಅಷ್ಟೇ.

ಈಗಿನ ಯಂತ್ರಗಳಲ್ಲಿ ಈ ಔದಾರ್ಯ ಇಲ್ಲ. ತಿರುಗುವ ಡಿಸ್ಕಿನ ಬದಲು ಅವುಗಳಲ್ಲಿರುವ ಎಸ್‌ಎಸ್‌ಡಿ, ಅಳಿಸಿದ ಜಾಗವನ್ನು ತಾನೇ ಚೊಕ್ಕ ಮಾಡಿಕೊಳ್ಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬಿಚ್ಚಲು ಬರುವುದಿಲ್ಲ. ಬಿಚ್ಚಿದರೂ ಒಳಗಿನದು ವಿಂಡೋಸ್‌ನ ಬಿಟ್‌ಲಾಕರ್ ಎಂಬ ಬೀಗದಲ್ಲಿರಬಹುದು, ಅದಕ್ಕೆ 48 ಅಂಕಿಗಳ ಕೀಲಿ ಬೇಕು. ಕಳ್ಳನಿಂದ ಕಾಯಲು ಮಾಡಿದ ಬೀಗ ಒಳ್ಳೆಯದೇ, ಆದರೆ ಅದಕ್ಕೆ ಕಳ್ಳ ಯಾರು, ಯಜಮಾನ ಯಾರು ಎಂಬ ಭೇದವಿಲ್ಲ. ಆ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ಯಾವ ಇಮೇಲ್‌ನದು, ಪಾಸ್‌ವರ್ಡ್ ಏನು ಎಂಬುದು ನಮ್ಮ ಎಷ್ಟೋ ಮನೆಗಳಲ್ಲಿ, ಕೊಂಡ ದಿನ ಅಂಗಡಿಯಲ್ಲಿ ಎಲ್ಲ ‘ಸೆಟ್’ ಮಾಡಿಕೊಟ್ಟ ಹುಡುಗನಿಗಷ್ಟೇ ಗೊತ್ತು.