ತರಗತಿಯಲ್ಲಿ ಅಭಯದಾನ

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆಮಹದೇಶ್ವರ ಬೆಟ್ಟದ ಕಡೆಗೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೂ ಸಾಗುವ ಸೀಮೆಯಲ್ಲಿ ಕಾಡಂಚಿನ ಸಣ್ಣ ಶಾಲೆಗಳು ಅನೇಕವಿವೆ. ಅಲ್ಲಿಗೆ ನೇಮಕಗೊಂಡು ಬರುವ ಹೊಸ ಶಿಕ್ಷಕರಿಗೆ ಮೊದಲು ಎದುರಾಗುವುದು ಮಕ್ಕಳ ಮೌನ. ಸೋಲಿಗರ ಪೋಡಿನಿಂದ ಬರುವ ಮಗುವಿನ ಮನೆಮಾತು ಸೋಲಿಗ ನುಡಿ. ಮಾರ್ಟಳ್ಳಿಯ ಸುತ್ತಿನ ಅನೇಕ ಮನೆಗಳಲ್ಲಿ ತಮಿಳು. ಕೊಳ್ಳೇಗಾಲ ಸೀಮೆಯು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆದರೆ ಈ ಭಾಷಾ ವೈವಿಧ್ಯದಲ್ಲಿ ಆಶ್ಚರ್ಯವಿಲ್ಲ. ಪಠ್ಯಪುಸ್ತಕದ ಕನ್ನಡವು ಇಂತಹ ಮಕ್ಕಳಿಗೆ ಹೊಸದು. ತಪ್ಪು ಮಾತು ಹೊರಬಿದ್ದರೆ ನಗೆಗೀಡಾಗುವೆನೋ, ಪೆಟ್ಟು ಬೀಳುವುದೋ ಎಂದು ಮಗು ಬಾಯಿ ಮುಚ್ಚಿ ಕೂರುತ್ತದೆ.

ಇಂತಹ ತರಗತಿಗೆ ಬಂದ ಶಿಕ್ಷಕಿಯೊಬ್ಬರು ಮೊದಲ ವಾರ ಪಾಠವನ್ನು ಬದಿಗಿಟ್ಟು, ಕಾಗದವನ್ನೂ ಬಣ್ಣದ ಬಳಪವನ್ನೂ ಹಂಚಿ, “ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಚಿತ್ರ ಬರೆದು ತೋರಿಸಿ” ಎಂದರೆಂದು ಭಾವಿಸೋಣ. ಕೂಡಲೇ ಎರಡು ಆಕ್ಷೇಪಗಳು ಏಳುತ್ತವೆ. ಓದು ಬರಹ ಕಲಿಸಬೇಕಾದವರು ಆಟವಾಡಿಸುತ್ತಿದ್ದಾರೆಂಬುದು ಒಂದು. ಮೊದಲೇ ಸಡಿಲ ಬಿಟ್ಟರೆ ಮಕ್ಕಳು ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲವೆಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಲವೇ ಉತ್ತರ ಕೊಟ್ಟೀತು. ಎರಡನೆಯದರಲ್ಲಿ ಒಂದು ನೈತಿಕ ಪ್ರಶ್ನೆಯಿದೆ: ಮಗುವಿನ ಮನಸ್ಸಿನಲ್ಲಿರುವ ಭಯವನ್ನು ಗುರುವಾದವನು ಉಪಯೋಗಿಸಿಕೊಳ್ಳಬಹುದೇ, ಅಥವಾ ಅದನ್ನು ನೀಗಿಸುವುದು ಅವನ ಕರ್ತವ್ಯವೇ?

ಜೈನಶಾಸ್ತ್ರವು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ಇವುಗಳಲ್ಲಿ ಅಭಯದಾನವೆಂದರೆ ಪ್ರಾಣಿವಧೆಯನ್ನು ತಡೆಯುವುದು, ಗೋಶಾಲೆ ನಡೆಸುವುದು ಎಂಬ ರೂಢಿಯ ತಿಳಿವಳಿಕೆ ನಮ್ಮಲ್ಲಿದೆ. ಅದು ಸರಿಯೇ, ಆದರೆ ಪೂರ್ಣವಲ್ಲ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಗಮನಿಸಬೇಕು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿದ ಭಾರ ಹೇರುವುದು, ಅನ್ನ ನೀರು ತಡೆಯುವುದು. ಛೇದವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಶಿಸ್ತಿನ ಹೆಸರಿನಲ್ಲಿ ತರಗತಿಯನ್ನು ಹೊಕ್ಕಬಲ್ಲವು. ಮಗುವನ್ನು ಮೂಲೆಯಲ್ಲಿ ನಿಲ್ಲಿಸುವುದು, ಬೆತ್ತ ಎತ್ತುವುದು, ಹೊರಲಾಗದಷ್ಟು ಮನೆಗೆಲಸ ಕೊಡುವುದು, ಲೆಕ್ಕ ಮುಗಿಯುವವರೆಗೆ ಊಟಕ್ಕೆ ಬಿಡದಿರುವುದು ಎಲ್ಲರಿಗೂ ಪರಿಚಿತವಾದವುಗಳೇ. ಎತ್ತಿನ ವಿಷಯದಲ್ಲಿ ದೋಷವೆಂದು ಶ್ರಾವಕನು ಒಪ್ಪುವುದನ್ನು ಮಗುವಿನ ವಿಷಯದಲ್ಲಿ ಗುಣವೆಂದು ಒಪ್ಪುವುದು ಹೇಗೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅತಿಚಾರಗಳನ್ನು ಎಣಿಸಿದ ಆಚಾರ್ಯರು ಈ ವಿವೇಕವನ್ನು ಬಹು ಹಿಂದೆಯೇ ಬೋಧಿಸಿದ್ದರು.

ಇಲ್ಲಿ ಒಂದು ಪ್ರತಿವಾದವುಂಟು. ನಮ್ಮ ಪರಂಪರೆಯೇ ಸಜ್ಜನನನ್ನು ‘ಪಾಪಭೀರು’ ಎಂದು ಹೊಗಳುತ್ತದೆಯಲ್ಲವೇ? ಹಾಗಿದ್ದರೆ ಸ್ವಲ್ಪ ಭಯ ಒಳ್ಳೆಯದೇ ಅಲ್ಲವೇ? ಶಬ್ದ ಒಂದೇ ಆದರೂ ಅರ್ಥ ಬೇರೆ. ಪಾಪಭೀರುವು ಅಂಜುವುದು ತಾನು ಮಾಡಬಹುದಾದ ಕೆಡುಕಿಗೆ. ಬೆತ್ತಕ್ಕೆ ಅಂಜುವ ಮಗು ಅಂಜುವುದು ಇನ್ನೊಬ್ಬರ ಕೈಗೆ. ಆ ಕೈ ಮರೆಯಾದೊಡನೆ ಅಂಜಿಕೆಯೂ ಮರೆಯಾಗುತ್ತದೆ; ತಡೆದಿಟ್ಟ ಕೃತ್ಯ ಮರಳಿ ಬರುತ್ತದೆ. ಅಷ್ಟೇ ಅಲ್ಲ, ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಕ್ರೋಧ, ಲೋಭಗಳ ತ್ಯಾಗದೊಡನೆ ಭೀರುತ್ವದ ತ್ಯಾಗವನ್ನೂ ತತ್ತ್ವಾರ್ಥಸೂತ್ರವು ಸೇರಿಸಿದೆ. ಅಂಜಿದವನು ಸುಳ್ಳು ಹೇಳುತ್ತಾನೆಂಬ ಲೋಕಾನುಭವ ಅದರ ಹಿಂದಿದೆ. ಹೆದರಿದ ಮಗು ಅರ್ಥವಾಗದಿದ್ದರೂ ಅರ್ಥವಾಯಿತೆನ್ನುತ್ತದೆ. ಅಲ್ಲಿಗೆ ಶಿಕ್ಷಣವೂ ನಿಂತಿತು, ಸತ್ಯವೂ ನಿಂತಿತು.

ಈ ಸೀಮೆಗೆ ಭಯದ ಚರಿತ್ರೆಯೂ ಇದೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅವನು ಹತನಾದದ್ದು 2004ರ ಅಕ್ಟೋಬರ್‌ನಲ್ಲಿ. ಆ ವರ್ಷಗಳಲ್ಲಿ ಕಾಡಿನ ಜನ ಅವನಿಗೂ ಅಂಜಿದರು, ಅವನನ್ನು ಹುಡುಕಿ ಬಂದ ಪಡೆಗಳಿಗೂ ಅಂಜಿದರು. ಪಡೆಗಳ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಅಂದಿನ ಮಕ್ಕಳು ಇಂದು ತಂದೆ ತಾಯಿಗಳಾಗಿದ್ದಾರೆ. ಕಚೇರಿ, ಸಮವಸ್ತ್ರ, ಹೊರಗಿನ ಅಧಿಕಾರಿ ಎಂದರೆ ಹಿಂಜರಿಯುವ ಸ್ವಭಾವ ಮನೆಯಿಂದ ಮಗುವಿಗೆ ಬಂದಿದ್ದರೆ ಅದು ಮಗುವಿನ ದೋಷವಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಸೇವೆ ವೈದ್ಯದಿಂದ ಆರಂಭವಾಗಿ ಶಾಲೆಗೆ ವಿಸ್ತರಿಸಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಔಷಧದಾನದಿಂದ ವಿದ್ಯಾದಾನಕ್ಕೆ ಹೋಗುವ ದಾರಿಯಲ್ಲಿ ವಿಶ್ವಾಸವೆಂಬ ಅಭಯವನ್ನು ದಾಟಿಯೇ ಹೋಗಬೇಕು.

ಚಿತ್ರವು ಈ ಅಭಯಕ್ಕೆ ಸಾಧನವಾಗುವುದು ಹೇಗೆ? ಅಕ್ಷರ ಬಾರದ ಮಗುವಿಗೂ ಗೆರೆ ಎಳೆಯಲು ಬರುತ್ತದೆ. ದಾರಿಯಲ್ಲಿ ಆನೆ ದಾಟುವ ಜಾಗ, ಹೊಂಗೆಯ ಮರ, ಹಳ್ಳ ಇವು ಮಗುವಿಗೆ ಗೊತ್ತು, ಹೊಸ ಶಿಕ್ಷಕಿಗೆ ಗೊತ್ತಿಲ್ಲ. ಆದ್ದರಿಂದ ಚಿತ್ರವನ್ನು ತೋರಿಸುವಾಗ ಮಗುವೇ ಹೇಳುವವನು, ಗುರುವೇ ಕೇಳುವವರು. ಬಿಳಿಗಿರಿ ಬೆಟ್ಟದ ಸೋಲಿಗ ಹಿರಿಯರು ಸಂಶೋಧಕರೊಡನೆ ಸೇರಿ ತಮ್ಮ ದೈವದ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. 2011ರಲ್ಲಿ ಅಲ್ಲಿಯ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳೂ ದೊರೆತವು. ತಾನು ಬಲ್ಲ ನೆಲವನ್ನು ಕಾಗದದ ಮೇಲೆ ತೋರಿಸಬಲ್ಲವನಿಗೆ ಮಾತಾಡಲು ಧೈರ್ಯ ಬರುತ್ತದೆ.

ಇದು ಹೊಸ ಪ್ರಯೋಗವೇನಲ್ಲ. ಹಾಡು, ಚಿತ್ರ, ಆಟಗಳ ಮೂಲಕ ಕಲಿಸುವ ನಲಿ-ಕಲಿಯನ್ನು 1995ರಲ್ಲಿ ಶಿಕ್ಷಕರೇ ಯೂನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದರು. ಆಗ ಕೊಳ್ಳೇಗಾಲ, ಯಳಂದೂರುಗಳೂ ಅದೇ ಜಿಲ್ಲೆಯಲ್ಲಿದ್ದವು. ನಲಿ-ಕಲಿ ತರಗತಿಯಲ್ಲಿ ಗೋಡೆಯ ಕೆಳಭಾಗಕ್ಕೆ ಮಗುವಿನ ಕೈ ಎಟಕುವ ಎತ್ತರದಲ್ಲಿ ಕಪ್ಪುಹಲಗೆಯನ್ನು ಬಳಿಯುತ್ತಾರೆ. ನಮ್ಮ ಬಸದಿಗಳಲ್ಲಿಯೂ ಲೇಶ್ಯೆಯೆಂಬ ಕಠಿಣ ತತ್ತ್ವವನ್ನು ಜಂಬೂವೃಕ್ಷದ ಚಿತ್ರದಿಂದಲೇ ತಿಳಿಸಿಕೊಡುವ ಪದ್ಧತಿಯಿದೆ. ಹಸಿದ ಆರು ಜನರಲ್ಲಿ ಒಬ್ಬನು ಮರವನ್ನು ಬುಡಸಹಿತ ಕಡಿಯಬಯಸುತ್ತಾನೆ, ಕೊನೆಯವನು ಉದುರಿದ ಹಣ್ಣನ್ನಷ್ಟೇ ಆಯುತ್ತಾನೆ. ಅಕ್ಷರವರಿಯದ ಶ್ರಾವಕಿಯರೂ ಅದನ್ನು ನೋಡಿ ಧರ್ಮವನ್ನು ಅರಿತರು.

ಆದರೆ ಚಿತ್ರಕ್ಕೆ ಅಂಕ ಕೊಡತೊಡಗಿದರೆ, ‘ಹಲಗೆಯ ಮೇಲೆ ಇರುವಂತೆಯೇ ಬರೆ’ ಎಂದು ಗದರಿದರೆ, ಅದೇ ಇನ್ನೊಂದು ಬೆತ್ತವಾದೀತು. ಮಗು ತನ್ನ ಭಯವನ್ನೇ ಚಿತ್ರಿಸಿದಾಗ, ಅಂದರೆ ಬೆಳೆ ತುಳಿದ ಆನೆಯನ್ನೋ, ಕುಡಿದು ಬರುವ ಹಿರಿಯರನ್ನೋ ಬರೆದಾಗ, ಅದನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸುವುದು ವಿಶ್ವಾಸಘಾತ. ಕೆದಕಿ ಕೇಳದೆ, ಮಗು ಹೇಳಿದಷ್ಟನ್ನು ಕೇಳಿ, ಅಪಾಯ ಕಂಡರೆ ತಕ್ಕವರ ಸಹಾಯ ಪಡೆಯುವುದು ಉಚಿತ.

ಇನ್ನು ಶಿಕ್ಷಕಿಯ ಭಯ. ಪಾಠ ಮುಗಿಯದಿದ್ದರೆ ಮುಖ್ಯೋಪಾಧ್ಯಾಯರು ಏನೆನ್ನುವರೋ, ತರಗತಿಯ ಗದ್ದಲ ಕೇಳಿ ಅಧಿಕಾರಿಗಳು ಏನು ಬರೆಯುವರೋ, ಊರವರು ಏನಾಡಿಕೊಳ್ಳುವರೋ ಎಂಬ ಚಿಂತೆ ಹೊಸಬರನ್ನು ಕಾಡುತ್ತದೆ. ಶಾಸ್ತ್ರವು ಹೇಳುವ ಸಪ್ತಭಯಗಳಲ್ಲಿ ‘ಅತ್ರಾಣ’ವೆಂಬುದೊಂದಿದೆ, ತನ್ನನ್ನು ಕಾಯುವವರಿಲ್ಲವೆಂಬ ಭಯವದು. ಬೆತ್ತ ಹಿಡಿಯುವ ಕೈ ಎಷ್ಟೋ ಸಲ ಕ್ರೂರಿಯದಲ್ಲ, ಹೀಗೆ ಅಂಜಿದವರದು. ತನ್ನಲ್ಲಿ ಇಲ್ಲದ್ದನ್ನು ದಾನ ಮಾಡಲಾಗದು. ಆದ್ದರಿಂದ ಮಗುವಿಗೆ ಅಭಯ ದೊರೆಯಬೇಕಾದರೆ ಗುರುವಿಗೆ ಮೊದಲು ಅಭಯ ದೊರೆಯಬೇಕು. ಅದನ್ನು ಕೊಡಬೇಕಾದವರು ಹಿರಿಯ ಶಿಕ್ಷಕರು, ಪೋಷಕರು, ಸಮಾಜದ ಮುಖಂಡರು.

ಶಾಲೆಗಳಿಗೆ ನೋಟುಪುಸ್ತಕ, ಚೀಲಗಳನ್ನು ಹಂಚುವ ಬಸದಿ ಟ್ರಸ್ಟುಗಳು ಅವುಗಳೊಡನೆ ಗೆರೆಯಿಲ್ಲದ ಕಾಗದವನ್ನೂ ಬಣ್ಣದ ಬಳಪಗಳನ್ನೂ ಸೇರಿಸಲಿ. ಹೆಚ್ಚಿನ ವೆಚ್ಚವೇನೂ ಆಗದು. ನಮ್ಮ ಪಾಠಶಾಲೆಗಳಲ್ಲಿ ಣಮೋಕಾರವನ್ನು ತಪ್ಪಾಗಿ ಹೇಳಿದ ಮಗುವಿಗೆ ಪೆಟ್ಟು ಬೀಳದಿರಲಿ. ಹೊಸ ಶಿಕ್ಷಕರ ಮೇಲೆ ದೂರು ಬಂದಾಗ ಟ್ರಸ್ಟಿಗಳು ಒಮ್ಮೆ ತರಗತಿಗೆ ಹೋಗಿ, ಸುಮ್ಮನೆ ಕುಳಿತು ಮಕ್ಕಳ ಚಿತ್ರಗಳನ್ನು ನೋಡಲಿ. ಮನೆಗೆ ಬಂದ ಮಗು ಚಿತ್ರ ತೋರಿಸಿದಾಗ ತಂದೆ ತಾಯಿಗಳು ‘ಎಷ್ಟು ಅಂಕ ಬಂತು?’ ಎನ್ನುವ ಮೊದಲು ‘ಇದು ಏನಪ್ಪಾ?’ ಎಂದು ಕೇಳಲಿ.