ಬರೆಯೋ ಕೈ ಬೇಕಾಗಿದೆ

ಯುವಜನರ ಆರಾಧನೆ, ಭಾನುವಾರ ಸಂಜೆಯ ಸಂದೇಶ
ವಾಕ್ಯಭಾಗ: ರೋಮಾಪುರದವರಿಗೆ 16:1-2, 22

ಕೂತ್ಕೊಳ್ಳಿ. ರೋಮಾಪುರದವರಿಗೆ ಬರೆದ ಪತ್ರಿಕೆ, 16ನೇ ಅಧ್ಯಾಯ ತೆಗೀರಿ. ಫೋನಲ್ಲಿ ಓದೋರು ಫೋನಲ್ಲೇ ತೆಗೀರಿ, ಪರವಾಗಿಲ್ಲ. ವಾಟ್ಸಾಪ್ ಮಾತ್ರ ಬೇಡ.

ಈ ಪತ್ರಿಕೆಯ 8ನೇ ಅಧ್ಯಾಯವನ್ನ ನಾವೆಲ್ಲ ಗೆರೆ ಎಳೆದು ಓದ್ತೀವಿ. 12ಕ್ಕೆ ಬಂದಾಗ ಮತ್ತೆ ಪೆನ್ನು ತೆಗೀತೀವಿ. 16ಕ್ಕೆ ಬಂದಾಗ? ಇವರಿಗೆ ವಂದನೆ ಹೇಳಿ, ಅವರಿಗೆ ವಂದನೆ ಹೇಳಿ, ಬರೀ ಹೆಸರು. ಹಾರಿಸಿಬಿಡ್ತೀವಿ. ನಾನೂ ಎಷ್ಟೋ ವರ್ಷ ಹಾರಿಸಿದ್ದೀನಿ. ಆದರೆ ಒಂದು ವಿಷಯ ನೋಡಿ. ಪೌಲನು ಆಗಿನ್ನೂ ರೋಮಾಪುರಕ್ಕೆ ಕಾಲಿಟ್ಟಿಲ್ಲ. ಬರಬೇಕು ಅಂತ ಆಸೆ, ಬರೋಕೆ ಆಗಿಲ್ಲ. ಕಾಲಿಡದ ಊರಿನಲ್ಲಿರೋ 20ಕ್ಕೂ ಹೆಚ್ಚು ಜನರ ಹೆಸರು ಅವನಿಗೆ ಗೊತ್ತು. ಯಾರು ಕಷ್ಟಪಟ್ಟು ದುಡಿದರು, ಯಾರ ಮನೆಯಲ್ಲಿ ಸಭೆ ಕೂಡುತ್ತೆ, ಯಾರ ತಾಯಿ ತನಗೂ ತಾಯಿ ಥರ ಇದ್ದಳು, ಎಲ್ಲಾ ಗೊತ್ತು. ನಮಗೆ ನಮ್ಮ ಪಕ್ಕದ ಬೀದಿಯಲ್ಲಿ ಇರೋರ ಹೆಸರು ಗೊತ್ತಾ?

ಈ ಅಧ್ಯಾಯದಲ್ಲಿ ಇಬ್ಬರನ್ನ ಮಾತ್ರ ಇವತ್ತು ನೋಡೋಣ. ಮೊದಲನೆಯವಳು ಫೊಯಿಬೆ, ಕೆಂಕ್ರೆಯ ಸಭೆಯ ಸೇವಕಿ. ಎರಡನೆಯವನು ತೆರ್ತ್ಯ. ಅವನ ಹತ್ತಿರ ಆಮೇಲೆ ಬರ್ತೀನಿ. ಅದಕ್ಕೆ ಮೊದಲು ನಿಮ್ಮ ಮುಂದೆ ನಾನೊಂದು ತಪ್ಪು ಒಪ್ಕೋಬೇಕು.

ನಾಲ್ಕು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಒಬ್ಬ ಮೇಡಮ್ ಸಭೆಗೆ ಬಂದರು. ಅವರು ವಿಶ್ವಾಸಿ ಅಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಸಹಾಯ ಮಾಡೋ ಒಂದು ಚಿಕ್ಕ ಸಂಸ್ಥೆಯಲ್ಲಿ ಕೆಲಸ ಮಾಡ್ತಾರೆ. ಪರೀಕ್ಷೆಗಳು ಬರ್ತಿವೆ, ಸ್ಕ್ರೈಬ್ ಬೇಕು ಅಂದರು. ಗೊತ್ತಿಲ್ಲದವರಿಗೆ ಹೇಳ್ತೀನಿ: ಕಣ್ಣು ಕಾಣದ ವಿದ್ಯಾರ್ಥಿ ಉತ್ತರ ಹೇಳ್ತಾ ಹೋಗ್ತಾರೆ, ಪಕ್ಕದಲ್ಲಿ ಕೂತು ಅದನ್ನ ಬರೆಯೋರೇ ಸ್ಕ್ರೈಬ್. ನಾನು ಕಾಣಿಕೆ ಆದ ಮೇಲೆ ಪ್ರಕಟಣೆ ಮಾಡಿದೆ. ಒಳ್ಳೇ ಜೋರಾಗಿಯೇ ಮಾಡಿದೆ. "ಯಾರು ಯಾರು ಸಿದ್ಧ? ಕೈ ಎತ್ತಿ!" 40ಕ್ಕೂ ಹೆಚ್ಚು ಕೈ ಮೇಲೆ ಹೋಯ್ತು. ಹಲ್ಲೆಲೂಯ ಅಂದೆ. ಮೇಡಮ್ಮಿಗೆ ಕಣ್ಣಲ್ಲಿ ನೀರು. ಒಂದು ಗ್ರೂಪ್ ಮಾಡಿದ್ವಿ, ಅದರ ತುಂಬ ಆಮೆನ್, ಕೈ ಮುಗಿದಿರೋ ಇಮೋಜಿ.

ಆಮೇಲೆ ಗೊತ್ತಾಯ್ತು, ಆ ಕೈಗಳಲ್ಲಿ ಮುಕ್ಕಾಲು ಪಾಲು ಬರೆಯೋ ಹಾಗೇ ಇಲ್ಲ ಅಂತ. ಯಾಕೆ? ಕೈ ಎತ್ತಿದವರಲ್ಲಿ ಹೆಚ್ಚಿನವರು ಇಂಜಿನಿಯರಿಂಗ್ ಮುಗಿಸಿದವರು, ಐಟಿಯಲ್ಲಿ ಇರೋರು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಮಾರ್ಗಸೂಚಿ ಹೊರಡಿಸಿತ್ತು. ಅದರ ಪ್ರಕಾರ ವಿದ್ಯಾರ್ಥಿ ತಾನೇ ಸ್ಕ್ರೈಬನ್ನ ಕರ್ಕೊಂಡು ಬಂದರೆ, ಆ ಸ್ಕ್ರೈಬ್ ಓದು ವಿದ್ಯಾರ್ಥಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಬೋರ್ಡು, ಯೂನಿವರ್ಸಿಟಿ ನೋಡ್ಕೊಂಡು ನಿಯಮದಲ್ಲಿ ವ್ಯತ್ಯಾಸ ಇರುತ್ತೆ, ಆದರೆ ಕಾರಣ ಸರಿಯಾಗೇ ಇದೆ: ಉತ್ತರ ಅವರದೇ ಆಗಿರಬೇಕು, ನಿಮ್ಮದಲ್ಲ. ಅಂದರೆ ಎಸ್ಸೆಸ್ಸೆಲ್ಸಿ ಹುಡುಗನಿಗೆ ಬರೆಯೋಕೆ ಬೇಕಾಗಿರೋದು ಟೆಕ್ ಲೀಡ್ ಅಲ್ಲ, ನಮ್ಮ ಸಂಡೇ ಸ್ಕೂಲಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಗುಸುಗುಸು ಅಂತಿದ್ದ ಒಂಬತ್ತನೇ ಕ್ಲಾಸಿನ ಮಗು. ಆ ಮಗುವನ್ನ ನಾನು ಕೇಳಲೇ ಇಲ್ಲ. ನನ್ನ ಕಣ್ಣು ದೊಡ್ಡವರ ಕೈ ಎಣಿಸ್ತಾ ಇತ್ತು.

ಕೊನೆಗೆ ಒಬ್ಬ ಹುಡುಗ ಸಿಕ್ಕ. ಆಗಷ್ಟೇ ಪಿಯುಸಿ ಮುಗಿಸಿದ್ದ. ನಮ್ಮ ವರ್ಷಿಪ್ ಟೀಮಿನಲ್ಲಿ ಡ್ರಮ್ಸ್ ನುಡಿಸ್ತಿದ್ದ. ಬಿ.ಎ. ಓದುತ್ತಿದ್ದ ಒಬ್ಬ ತಂಗಿಗೆ ಮೇ ತಿಂಗಳಲ್ಲಿ ಇತಿಹಾಸದ ಪೇಪರ್ ಬರೆದುಕೊಡ್ತೀನಿ ಅಂತ ಒಪ್ಕೊಂಡ. ಫೋಟೋ, ಮಾರ್ಕ್ಸ್ ಕಾರ್ಡ್ ಎಲ್ಲಾ ಕೊಟ್ಟು ಕಾಲೇಜಿನಲ್ಲಿ ಅನುಮತಿಯೂ ಆಯ್ತು. ಪರೀಕ್ಷೆ ಶನಿವಾರ ಬೆಳಗ್ಗೆ.

ಹಿಂದಿನ ರಾತ್ರಿ ಶುಕ್ರವಾರ. ನಮ್ಮ ಸಭೆಯ ಇಡೀ ರಾತ್ರಿ ಪ್ರಾರ್ಥನೆ.

ಆ ಹುಡುಗ ಬೆಳಗಿನ ಜಾವ ನಾಲ್ಕು ಗಂಟೆವರೆಗೆ ನುಡಿಸಿದ. ಕರ್ತನ ಪ್ರಸನ್ನತೆ ಇಳಿದು ಬಂದಿತ್ತು, ಅದನ್ನ ನಾನು ಇವತ್ತಿಗೂ ಇಲ್ಲ ಅನ್ನಲ್ಲ. "ಇನ್ನೊಂದು ಹಾಡು, ಇನ್ನೊಂದು ಹಾಡು" ಅಂತ ಅವನನ್ನ ಕೂರಿಸಿಕೊಂಡವನು ನಾನೇ. ಮನೆಗೆ ಹೋಗಿ ಅಲಾರಮ್ ಇಟ್ಟು ಮಲಗಿದ. ಎದ್ದಾಗ ಹನ್ನೊಂದು ಗಂಟೆ.

ಆ ತಂಗಿ ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೇಡಮ್ ಎಲ್ಲೆಲ್ಲೋ ಫೋನ್ ಮಾಡಿದರು. ಕೊನೇ ಗಳಿಗೆಯಲ್ಲಿ ಬೇರೆಯವರನ್ನ ಕೂರಿಸೋಕೆ ಅನುಮತಿ ಆಗಲಿಲ್ಲ. ಪೇಪರ್ ಹೋಯ್ತು.

ಸಂಜೆ ನಾನು ಹೋಗಿ ಅವಳನ್ನ ನೋಡಿದೆ. ಬಯ್ತಾಳೆ ಅಂದ್ಕೊಂಡಿದ್ದೆ. ಅವಳು ಬಯ್ಯಲಿಲ್ಲ. "ಓದಿದ್ದೆಲ್ಲಾ ತಲೇಲೇ ಇದೆ ಪಾಸ್ಟರ್, ಕೈ ಬರಲಿಲ್ಲ ಅಷ್ಟೆ" ಅಂದಳು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಪಾಸ್ಟರುಗಳಿಗೆ ತೋಚದೇ ಇದ್ದಾಗ ಏನು ಮಾಡ್ತೀವಿ, ಗೊತ್ತಲ್ಲ? "ನಿನ್ನ ಕಣ್ಣಿಗಾಗಿ ಪ್ರಾರ್ಥನೆ ಮಾಡಲಾಮ್ಮ?" ಅಂದೆ. "ಮಾಡಿ ಪಾಸ್ಟರ್," ಅಂದಳು. "ಆದ್ರೆ ಈ ಪೇಪರ್ ಮತ್ತೆ ಬರೀಬೇಕು. ಅದಕ್ಕೊಬ್ಬರು ಸಿಗ್ತಾರಾ?"

ಯೆರಿಕೋ ದಾರಿಯಲ್ಲಿ ಬಾರ್ತಿಮಾಯನು ಕೂಗಿದಾಗ ಕರ್ತನು ನೇರವಾಗಿ ಕೈಯಿಟ್ಟುಬಿಡಲಿಲ್ಲ. ನಿನಗೆ ಏನು ಬೇಕು ಅಂತ ಮೊದಲು ಕೇಳಿದ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಿಲ್ಲ? ಆದ್ರೂ ಕೇಳಿದ. ನಾನು ಕೇಳಲಿಲ್ಲ. ನಾನು ಕೊಡೋಕೆ ಹೊರಟಿದ್ದು ನನಗೆ ಕೊಡೋಕೆ ಬರೋದನ್ನ.

ಈಗ ಫೊಯಿಬೆ ಹತ್ರ ಬನ್ನಿ. ಪೌಲನು ರೋಮಾಪುರದ ಸಭೆಗೆ ಏನು ಬರೀತಾನೆ? ಈ ಸಹೋದರಿ ಬರ್ತಾಳೆ, ಅವಳಿಗೆ ನಿಮ್ಮಿಂದ ಯಾವ ವಿಷಯದಲ್ಲಿ ಸಹಾಯ ಬೇಕಾಗುತ್ತೋ ಅದರಲ್ಲಿ ನಿಂತುಕೊಳ್ಳಿ ಅಂತ. ಯಾವ ವಿಷಯ ಅಂತ ಅವನು ಹೇಳಲ್ಲ. ಅದನ್ನ ಹೇಳಬೇಕಾದವಳು ಅವಳು. ಕೆಲಸ ಮಾಡ್ತಿರೋರಿಗೆ ಗೊತ್ತು ಏನು ಬೇಕು ಅಂತ. ನಾವು ಡಿಸೆಂಬರ್ ಬಂತು ಅಂದರೆ ಕೇಕ್ ತಗೊಂಡು, ಗಿಟಾರ್ ತಗೊಂಡು ಹೋಗ್ತೀವಿ. ಆ ಮೇಡಮ್ ಒಂದು ಸಲ ನಗ್ತಾ ಹೇಳಿದರು: "ಪಾಸ್ಟರ್, ಡಿಸೆಂಬರಲ್ಲಿ ನಮ್ಮ ಮಕ್ಕಳು ಒಂಬತ್ತು ಕೇಕ್ ತಿಂತಾರೆ. ಮಾರ್ಚಲ್ಲಿ ಒಬ್ಬರೂ ಬರಲ್ಲ."

ಇನ್ನೊಂದು ವಿಷಯ. ನಮಗೆ ಏನಾದ್ರೂ ಮಾಡಬೇಕು ಅನ್ನಿಸಿದ ಕೂಡಲೇ ಹೊಸ ಮಿನಿಸ್ಟ್ರಿ, ಹೊಸ ಹೆಸರು, ಹೊಸ ಲೋಗೋ, ಟೀ ಶರ್ಟ್. ಯಾಕೆ? ಈ ಊರಿನಲ್ಲಿ ಮಿತ್ರ ಜ್ಯೋತಿ ಇದೆ, ಸಮರ್ಥನಂ ಇದೆ, ಹೆಸರಿಲ್ಲದ ಚಿಕ್ಕ ಚಿಕ್ಕ ಸಂಸ್ಥೆಗಳು ಎಷ್ಟೋ ಇವೆ. ಅವರು ವರ್ಷಗಟ್ಟಲೆ ದುಡಿದು ದಾರಿ ಮಾಡಿದ್ದಾರೆ. ಹೋಗಿ ಸೇರ್ಕೊಳ್ಳಿ, ಸಾಕು. ಅಲ್ಲಿ ನಮ್ಮ ಬ್ಯಾನರ್ ಇರಲ್ಲ, ನಿಜ. ಪತ್ರಿಕೆಯಲ್ಲಿ ತೆರ್ತ್ಯನ ಬ್ಯಾನರ್ ಎಲ್ಲಿದೆ?

22ನೇ ವಚನ ನೋಡಿ. ಇದ್ದಕ್ಕಿದ್ದ ಹಾಗೆ ಒಂದು ಬೇರೆ ಧ್ವನಿ. ಈ ಪತ್ರ ಬರೆದವನು ನಾನು, ತೆರ್ತ್ಯ, ನಿಮಗೆ ವಂದನೆ, ಅಂತ ಹೇಳಿ ಮತ್ತೆ ಸುಮ್ಮನಾಗ್ತಾನೆ. ಅರೇ, ಪೌಲನ ಪತ್ರಿಕೆ ಅಲ್ವಾ ಇದು? ಹೌದು, ಮಾತು ಪೌಲನದು. ಕೈ ತೆರ್ತ್ಯನದು. ತೆರ್ತ್ಯ ಅಂದರೆ ಲ್ಯಾಟಿನಲ್ಲಿ ಮೂರನೆಯವನು ಅಂತ. ಹೆಸರಿನ ಬದಲು ನಂಬರ್ ಇದ್ದ ಹಾಗೆ. ಪೌಲನು ಹೇಳ್ತಾ ಹೋದ, ಅವನು ಬರೀತಾ ಹೋದ, 16 ಅಧ್ಯಾಯ. ಮಧ್ಯೆ ಎಲ್ಲೂ "ಪೌಲಣ್ಣ, ಇದನ್ನ ಸ್ವಲ್ಪ ಬೇರೆ ಥರ ಹೇಳಿದ್ರೆ ಚೆನ್ನಾಗಿರುತ್ತೆ" ಅಂತ ತನ್ನದನ್ನ ಸೇರಿಸಿಲ್ಲ. ಯೆರೆಮೀಯನಿಗೆ ಬಾರೂಕನೂ ಹೀಗೇ. ಪ್ರವಾದಿ ಬಾಯಿಂದ ಬಂದದ್ದನ್ನ ಮಸಿಯಲ್ಲಿ ಬರೆದ. ಅರಸನು ಆ ಸುರುಳಿಯನ್ನ ಚೂರು ಚೂರು ಕತ್ತರಿಸಿ ಬೆಂಕಿಗೆ ಹಾಕಿದ. ಬಾರೂಕ ಏನು ಮಾಡಿದ? ಕೂತು ಮೊದಲಿನಿಂದ ಮತ್ತೆ ಬರೆದ.

ಸ್ಕ್ರೈಬ್ ಆಗಿ ಕೂತವರಿಗೆ ಇದರ ಕಷ್ಟ ಗೊತ್ತು. ಅವರು ತಪ್ಪು ಉತ್ತರ ಹೇಳ್ತಾರೆ, ನಿಮಗೆ ಸರಿ ಉತ್ತರ ಗೊತ್ತು, ತಪ್ಪನ್ನೇ ಬರೀಬೇಕು. ಪ್ರಶ್ನೆಯನ್ನ ಎಷ್ಟು ಸಲ ಕೇಳಿದರೂ ಬೇಸರ ಇಲ್ಲದೆ ಓದಬೇಕು. ಸಮಯ ಹೇಳ್ತಾ ಇರಬೇಕು. ಗಂಟೆಗೆ ಕಡಿಮೆ ಅಂದರೂ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಅದೇ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆ ಪೇಪರ್ ಅಂದರೆ ನೀವು ನಾಲ್ಕು ಗಂಟೆ ಕೂರಬೇಕು. ನಾಲ್ಕು ಗಂಟೆ ಹೊತ್ತು ನಿಮ್ಮ ಬುದ್ಧಿಯನ್ನ ಪಕ್ಕಕ್ಕಿಟ್ಟು ಇನ್ನೊಬ್ಬರ ಕೈಯಾಗಿ ಇರೋದು. ಉಪವಾಸಕ್ಕಿಂತ ಇದು ಕಷ್ಟ ಅಂತ ನಮ್ಮ ಹುಡುಗಿಯೊಬ್ಬಳು ಹೇಳಿದಳು. ನಾನು ನಂಬ್ತೀನಿ.

ಸಹಾಯ ಮಾಡೋದು ವರ. ಮೊದಲನೇ ಕೊರಿಂಥ 12ರ 28ನೇ ವಚನದಲ್ಲಿ ಸ್ವಸ್ಥತೆಯ ವರ ಇರೋ ಪಟ್ಟಿಯಲ್ಲೇ, ಅನ್ಯಭಾಷೆ ಇರೋ ಪಟ್ಟಿಯಲ್ಲೇ ಅದೂ ಇದೆ. ಇವತ್ತಿನವರೆಗೆ ಒಬ್ಬರಾದ್ರೂ ನನ್ನ ಹತ್ರ ಬಂದು "ಪಾಸ್ಟರ್, ಸಹಾಯ ಮಾಡೋ ವರಕ್ಕಾಗಿ ಕೈಯಿಟ್ಟು ಪ್ರಾರ್ಥಿಸಿ" ಅಂದಿಲ್ಲ. ನಗಬೇಡಿ, ನಿಜ ಹೇಳ್ತಿದ್ದೀನಿ.

ಕೆಲವರು ಕೇಳ್ತೀರಿ: ಅಲ್ಲಿ ಸುವಾರ್ತೆ ಹೇಳಬಹುದಾ? ಟ್ರ್ಯಾಕ್ಟ್ ಕೊಡಬಹುದಾ? ಬೇಡ. ನೇರವಾಗಿ ಹೇಳ್ತೀನಿ, ಬೇಡ. ಪರೀಕ್ಷೆ ಹಾಲಿನ ಹೊರಗೆ ಎದೆ ಡವಡವ ಅಂತಿರೋ ಮಗುವಿಗೆ ನಿಮ್ಮ ಅಗತ್ಯ ಇದೆ, ನೀವು ಎದ್ದು ಹೋದರೆ ಅವಳ ವರ್ಷ ಹೋಗುತ್ತೆ. ಅಂಥ ಹೊತ್ತಿನಲ್ಲಿ ನಂಬಿಕೆಯ ವಿಷಯ ಎತ್ತಿದರೆ ಅವಳು ಇಲ್ಲ ಅನ್ನೋಕೆ ಆಗುತ್ತಾ? ಕೊಟ್ಟ ಮಾತಿನ ಪ್ರಕಾರ ಎಂಟೂವರೆಗೆ ಗೇಟಿನ ಹತ್ರ ನಿಂತಿರಿ. ನೀವು ಯಾರವರು ಅಂತ ಅವರೇ ಒಂದು ದಿನ ಕೇಳಿದರೆ ಆಗ ಹೇಳಿ.

"ಪಾಸ್ಟರ್, ಇದು ನಮ್ಮೂರಲ್ಲ. ಪಿಜಿಯಲ್ಲಿ ಇದ್ದೀವಿ, ಮುಂದಿನ ವರ್ಷ ಎಲ್ಲಿರ್ತೀವೋ" ಅನ್ನೋರೂ ಇದ್ದೀರಿ. ನೆಹೆಮೀಯನ ಪುಸ್ತಕ 3ನೇ ಅಧ್ಯಾಯ, ಅದೂ ನಾವು ಹಾರಿಸೋ ಅಧ್ಯಾಯ. ಗೋಡೆ ಕಟ್ಟಿದವರಲ್ಲಿ ತುಂಬ ಜನ ತಮ್ಮ ತಮ್ಮ ಮನೆ ಎದುರಿನ ಭಾಗ ಕಟ್ಟಿದರು. 30ನೇ ವಚನದಲ್ಲಿ ಮೆಷುಲ್ಲಾಮ್ ಅಂತ ಒಬ್ಬ ಇದ್ದಾನೆ. ಅಲ್ಲಿ ಅವನ ಮನೆ ಅಂತ ಇಲ್ಲ. ಅವನ ಕೋಣೆ ಅಂತ ಇದೆ. ತನ್ನ ಕೋಣೆ ಎದುರಿನ ಗೋಡೆ ಅವನು ಕಟ್ಟಿದ. ಪಿಜಿಯವರೇ, ಇದು ನಿಮ್ಮ ವಚನ. ನೆಹೆಮೀಯ "ಎಲ್ಲರೂ ಬನ್ನಿ" ಅಂತ ಕೂಗಿ ಸುಮ್ಮನಾಗಲಿಲ್ಲ ಅನ್ನೋದನ್ನೂ ನೋಡಿ. ಯಾರು, ಯಾವ ಬಾಗಿಲಿಂದ ಎಲ್ಲಿವರೆಗೆ, ಎಲ್ಲಾ ಬರೆದಿದೆ. ಭುಜ ಕೊಡದ ತೆಕೋವದ ದೊಡ್ಡ ಮನುಷ್ಯರ ವಿಷಯವೂ ಬರೆದಿದೆ. ಅದನ್ನ ಓದುವಾಗ ನನಗೆ ಭಯ ಆಗುತ್ತೆ.

ಆ ಶನಿವಾರ ಆದಮೇಲೆ ನಾನು ಕೈ ಎತ್ತಿಸೋದು ಬಿಟ್ಟೆ. ಕೈ ಎತ್ತೋಕೆ ಮೂರು ಸೆಕೆಂಡ್ ಸಾಕು. ಪಕ್ಕದವರು ಎತ್ತಿದರು ಅಂತ ನಾವೂ ಎತ್ತುತ್ತೀವಿ. ಈಗ ಒಬ್ಬೊಬ್ಬರನ್ನೇ ಕೇಳ್ತೀವಿ: ನೀನು, ಇಂಥ ದಿನ, ಇಂಥ ಪೇಪರ್, ಆಗುತ್ತಾ? ಆಗಲ್ಲ ಅಂದರೆ ಬೇಜಾರಿಲ್ಲ. ಆಗಲ್ಲ ಅಂತ ಫೆಬ್ರವರಿಯಲ್ಲಿ ಹೇಳೋದು ಪಾಪ ಅಲ್ಲ. ಪ್ರತಿ ಪೇಪರಿಗೂ ಇಬ್ಬರ ಹೆಸರು, ಇಬ್ಬರ ದಾಖಲೆಯನ್ನೂ ಮೊದಲೇ ಕೊಡ್ತೀವಿ. ಹಿಂದಿನ ರಾತ್ರಿ ಅವರಿಗೆ ಸಭೆಯಲ್ಲಿ ಯಾವ ಸೇವೆಯೂ ಇಲ್ಲ. ಇಡೀ ರಾತ್ರಿ ಪ್ರಾರ್ಥನೆ ಇದ್ದರೂ ಇಲ್ಲ. ಮಲಗೋದೇ ಅವರ ಸೇವೆ.

ಓದು ಮುಗಿಸಿದವರು, ನೀವು ಬರೆಯೋ ಹಾಗಿಲ್ಲ ಅಂತ ತಪ್ಪಿಸ್ಕೊಳ್ಳಬೇಡಿ. ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡೋರು ಬೇಕು. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕದಲ್ಲಿ ಒತ್ತಕ್ಷರಗಳು ಕೆಟ್ಟು ಹೋಗಿರುತ್ತೆ, ಕಂಪ್ಯೂಟರ್ ಅದನ್ನ ಏನೇನೋ ಓದುತ್ತೆ, ಸಾಲು ಸಾಲಾಗಿ ತಿದ್ದೋರು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಫೋನ್ ಮಾಡೋರು ಬೇಕು. ಆ ಮೇಡಮ್ಮಿಗೆ ಫೆಬ್ರವರಿ ಪೂರ್ತಿ ಜನರನ್ನ ಹುಡುಕೋದರಲ್ಲೇ ಕಳೆದುಹೋಗುತ್ತೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತನೇ ಕ್ಲಾಸ್ ಓದೋ ಮಕ್ಕಳು ಎಷ್ಟಿದ್ದಾರೆ, ಅವರ ಪರೀಕ್ಷೆ ಯಾವಾಗ ಮುಗಿಯುತ್ತೆ, ಅಪ್ಪ ಅಮ್ಮ ಒಪ್ತಾರಾ? ಇದನ್ನ ವಿಚಾರಿಸಿ ಹೆಸರು ಬರೆದು ಕೊಡೋದು ಎರಡು ಶನಿವಾರದ ಕೆಲಸ. ಪೌಲನ ಪಟ್ಟಿ ನೆನಪಿದೆಯಲ್ಲ?

ಆ ತಂಗಿ ಪೇಪರ್ ಮತ್ತೆ ಕಟ್ಟಿ ಬರೆದಳು. ಬರೆದವನು ಅದೇ ಹುಡುಗ. ನಾವು ಯಾರೂ ಅವನನ್ನ ಕೇಳಿರಲಿಲ್ಲ, ಕೇಳೋ ಮುಖ ನನಗಿರಲಿಲ್ಲ. ಅವನೇ ಹೋಗಿ ಅವಳ ಹತ್ರ ಮಾತಾಡಿದ್ದ. "ಇನ್ನೊಂದು ಸಲ ನಂಬ್ತೀಯಾ ಅಕ್ಕ?" ಅಂದನಂತೆ. ಎಂಟು ಗಂಟೆಗೆ ಬಾ ಅಂದರೆ ಏಳಕ್ಕೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಕರ್ತನೇ, ನಿನಗೆ ಸ್ತೋತ್ರ. ನಾವು ಎತ್ತಿ ಮರೆತ ಕೈಗಳಿಗಾಗಿ ನಮ್ಮನ್ನ ಕ್ಷಮಿಸು. ನಮಗಿಂತ ಮೊದಲೇ ಈ ಬೀದಿಗಳಲ್ಲಿ ದುಡೀತಿರೋರನ್ನ ಬಲಪಡಿಸು. ನಾವು ಯಾರ ಗೋಡೆ ಎದುರು ಇದ್ದೀವಿ ಅಂತ ತೋರಿಸು. ಪವಿತ್ರಾತ್ಮನೇ, ಕೊಟ್ಟ ಮಾತಿನ ದಿನ ಬೆಳಗ್ಗೆ ನಮ್ಮನ್ನ ಎಬ್ಬಿಸು. ಯೇಸುವಿನ ನಾಮದಲ್ಲಿ, ಆಮೆನ್.

ಮೇಡಮ್ ಇವತ್ತು ಬಂದಿದ್ದಾರೆ, ಹಿಂದಿನ ಬಾಗಿಲ ಹತ್ರ ಮೇಜು ಹಾಕ್ಕೊಂಡು ಕೂತಿದ್ದಾರೆ. ಈಗಲೇ ಹೆಸರು ಬರೆಸಬೇಡಿ. ಮನೆಗೆ ಹೋಗಿ ನಿಮ್ಮ ಪರೀಕ್ಷೆ ವೇಳಾಪಟ್ಟಿ, ಆಫೀಸಿನ ರಜೆ ನೋಡಿ, ಬುಧವಾರದೊಳಗೆ ಅವರಿಗೆ ಫೋನ್ ಮಾಡಿ. ನಂಬರ್ ಮೇಜಿನ ಮೇಲಿದೆ. ಮತ್ತೆ, ಒಂಬತ್ತನೇ ಕ್ಲಾಸಿನವರೇ, ಹಿಂದಿನ ಬೆಂಚಿನವರೇ, ನೀವು ಓಡಿ ಹೋಗಬೇಡಿ. ನಾನೇ ನಿಮ್ಮ ಹತ್ರ ಬರ್ತಿದ್ದೀನಿ.